ಹುಳದ ಕಟ್ಟು

ಹಳೇಬೀಡಿನ ಬಸ್ತಿಹಳ್ಳಿ ರಸ್ತೆಯಲ್ಲಿರುವ ಕಾಂಚನಮಾಲಮ್ಮನ ಮನೆಯಲ್ಲಿ ಒಟ್ಟು ಹನ್ನೊಂದು ಓಲೆಕಟ್ಟುಗಳಿದ್ದವು. ಹತ್ತು ಕಟ್ಟು ದೇವರದ್ದು. ಒಂದು ಹುಳದ್ದು.

ಇದು ತಮಾಷೆಗೆ ಹೇಳಿದ ಮಾತಲ್ಲ. ಮೂವತ್ತೆಂಟು ವರ್ಷದಿಂದ ಆ ಮನೆಯಲ್ಲಿ ಹಾಗೇ ನಡೆದುಕೊಂಡು ಬಂದಿತ್ತು.

ಅವರು ಸೊಸೆಯಾಗಿ ಬಂದ ಕಾಲಕ್ಕೆ ಓಲೆಗರಿಗಳನ್ನು ನೋಡಿಕೊಳ್ಳುವ ಕೆಲಸ ಅತ್ತೆಯದಾಗಿತ್ತು. ವರ್ಷಕ್ಕೊಮ್ಮೆ, ಜ್ಯೇಷ್ಠ ಮಾಸದ ಶ್ರುತಪಂಚಮಿಯ ದಿನ, ಜೈನರು ಮನೆಯಲ್ಲಿರುವ ಶಾಸ್ತ್ರಗಳನ್ನು ಹೊರಗೆ ತೆಗೆದು, ಧೂಳು ಒರೆಸಿ, ನೆರಳಲ್ಲಿ ಗಾಳಿಗೆ ಹರಡಿ, ಹೊಸ ಬಟ್ಟೆ ಸುತ್ತಿ, ಪೂಜೆ ಮಾಡಿ ಒಳಗಿಡುತ್ತಾರೆ. ಗರಿಗಳ ನಡುವೆ ಹುಳ ಸಿಕ್ಕರೆ ಅತ್ತೆ ಕೊಲ್ಲುತ್ತಿರಲಿಲ್ಲ. ಆ ಮನೆಯಲ್ಲಿ ಆ ಮಾತೇ ಇರಲಿಲ್ಲ. ನವಿಲುಗರಿಯ ತುದಿಯಿಂದ ಮೆಲ್ಲಗೆ ಎತ್ತಿ ಅಂಗಳಕ್ಕೆ ಬಿಡುತ್ತಿದ್ದರು. ಅಂಗಳದಲ್ಲಿ ಗುಬ್ಬಿಗಳು ಕಾಯುತ್ತಿದ್ದವು. ಶ್ರುತಪಂಚಮಿಯ ಬೆಳಿಗ್ಗೆ ಇಷ್ಟೊಂದು ಗುಬ್ಬಿ ಬಂದು ಕೂರುವುದು ಶುಭ ಎಂದು ಅತ್ತೆ ಕೊನೆಯವರೆಗೂ ನಂಬಿದ್ದರು.

ಕಾಂಚನಮಾಲಮ್ಮ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು. ಗುಬ್ಬಿ ಯಾಕೆ ಬರುತ್ತದೆ ಎಂದು ತಿಳಿಯುವುದಕ್ಕೆ ಮೂರನೇ ಕ್ಲಾಸು ಸಾಕಾಗಿತ್ತು. ಅತ್ತೆ ತೀರಿಕೊಂಡು ಕೆಲಸ ತಮ್ಮ ಕೈಗೆ ಬಂದ ವರ್ಷವೇ ಪದ್ಧತಿ ಬದಲಾಯಿಸಿದರು. ಹುಳವನ್ನು ಕೊಲ್ಲಬಾರದು, ಕೊಲ್ಲುವವರ ಬಾಯಿಗೂ ಹಾಕಬಾರದು, ಅದು ತಿನ್ನುವುದನ್ನು ತಿಂದುಕೊಂಡು ಎಲ್ಲಾದರೂ ಇರಬೇಕು. ಅದು ತಿನ್ನುವುದು ಓಲೆಗರಿ. ಆದ್ದರಿಂದ ಒಂದು ಕಟ್ಟನ್ನು ಹುಳಗಳಿಗೆ ಬಿಟ್ಟುಕೊಟ್ಟರೆ ಉಳಿದ ಹತ್ತು ಉಳಿಯುತ್ತವೆ.

ಯಾವುದನ್ನು ಬಿಡುವುದು ಎಂದು ಒಂದು ದಿನವೆಲ್ಲ ಯೋಚನೆ ಮಾಡಿದರು. ಹಳೆಯ ಅಕ್ಷರ ಅವರಿಗೆ ಓದಲು ಬರುತ್ತಿರಲಿಲ್ಲ. ಆದರೆ ಹತ್ತು ಕಟ್ಟುಗಳ ಮೊದಲ ಗರಿಯಲ್ಲಿ ನಮಸ್ಕಾರದ ಸಾಲು ಒಂದೇ ಥರ ಇತ್ತು. ಅದನ್ನು ಆಕಾರದಲ್ಲೇ ಗುರುತು ಹಿಡಿಯುತ್ತಿದ್ದರು. ಹನ್ನೊಂದನೆಯದರಲ್ಲಿ ಅದು ಇರಲಿಲ್ಲ. ಚಿತ್ರವಿಲ್ಲ, ಅಂಚಿಗೆ ಬಳ್ಳಿಯಿಲ್ಲ, ಅಕ್ಷರ ಇರುವೆ ಸಾಲಿನ ಹಾಗೆ ಒತ್ತೊತ್ತಾಗಿತ್ತು. ಬಸದಿಯಲ್ಲಿ ಪೂಜೆ ಮಾಡುವ ಇಂದ್ರರು ಒಮ್ಮೆ ಅದನ್ನು ನೋಡಿ, "ಇದು ಶಾಸ್ತ್ರ ಅಲ್ಲಮ್ಮ, ಯಾರೋ ಕೆಲಸದವರು ಬರೆಸಿಟ್ಟಿರೋದು," ಎಂದಿದ್ದರು. ಅಷ್ಟು ಸಾಕಾಯಿತು. ಆ ಕಟ್ಟು ಅಟ್ಟದ ಮೇಲಿನ ಹಲಸಿನ ಪೆಟ್ಟಿಗೆಗೆ ಹೋಯಿತು. ಅಲ್ಲಿಂದ ಮುಂದೆ ಪ್ರತಿ ಶ್ರುತಪಂಚಮಿಗೆ ಹತ್ತು ಕಟ್ಟುಗಳಲ್ಲಿ ಸಿಕ್ಕ ಹುಳಗಳೆಲ್ಲ ನವಿಲುಗರಿಯ ಮೇಲೆ ಕೂತು ಅಟ್ಟ ಹತ್ತಿದವು. ಐದಾರು ವರ್ಷದ ಮೇಲೆ ಹತ್ತು ಕಟ್ಟುಗಳಲ್ಲಿ ಹುಳ ಸಿಗುವುದೇ ನಿಂತುಹೋಯಿತು. ಅಟ್ಟದ ಮೇಲಿನವು ಸುಖವಾಗಿದ್ದವು.

ಗಂಡ ಧರ್ಮಪಾಲಯ್ಯ ಬದುಕಿದ್ದಾಗ ಒಮ್ಮೆ ಕೇಳಿದ್ದರು. "ಹುಳಕ್ಕೆ ಅಂತ ಒಂದು ಪೆಟ್ಟಿಗೆ ಯಾಕೆ?"

"ಮತ್ತೆ ಎಲ್ಲಿ ಇರಬೇಕು ಅವು?" ಎಂದಿದ್ದರು ಕಾಂಚನಮಾಲಮ್ಮ. ಗಂಡ ಮತ್ತೆ ಕೇಳಲಿಲ್ಲ.

ಪ್ರತಿಮಾ ಆ ಮನೆಗೆ ಬಂದದ್ದು ಕಾರ್ತಿಕ ಮಾಸದಲ್ಲಿ. ಬೆಂಗಳೂರಿನ ಒಂದು ಸಂಸ್ಥೆಯವಳು. ಹಳೆಯ ಓಲೆಗರಿ, ಕಾಗದ, ಚಿತ್ರ, ಕಲ್ಲಿನ ಕೆತ್ತನೆ ಹಾಳಾಗದ ಹಾಗೆ ವಿಜ್ಞಾನದ ರೀತಿಯಲ್ಲಿ ಕಾಪಾಡುವುದು ಅವಳ ಕೆಲಸ. ಅರಸೀಕೆರೆಯ ಒಂದು ಕಲ್ಯಾಣಮಂಟಪದಲ್ಲಿ ಎರಡು ವಾರದ ಶಿಬಿರ ಹಾಕಿದ್ದರು. ಸುತ್ತಲಿನ ಮನೆಗಳಿಂದ, ಮಠಗಳಿಂದ ಓಲೆಗರಿ ತಂದುಕೊಟ್ಟರೆ ಶುಚಿ ಮಾಡಿ, ಮಜ್ಜಿಗೆಹುಲ್ಲಿನ ಎಣ್ಣೆ ಸವರಿ, ಬೇರೆ ಬೇರೆ ಬೆಳಕಿನಲ್ಲಿ ಫೋಟೊ ತೆಗೆದು ವಾಪಸು ಕೊಡುತ್ತಿದ್ದರು. ಓಲೆಗರಿ ಹುಡುಕುತ್ತಾ ಹಳೇಬೀಡಿಗೆ ಬಂದ ಅವಳು ಅಲ್ಲಿನ ಬಸ್‌ಸ್ಟ್ಯಾಂಡ್ ಹತ್ತಿರದ ಎಲೆಕ್ಟ್ರಿಕ್ ಅಂಗಡಿಗೆ ವೈರು ಕೊಳ್ಳಲು ಹೋದಾಗ ಅಂಗಡಿಯ ಅಕಲಂಕ, ವೈರು ಯಾತಕ್ಕೆ ಎಂದು ಕೇಳಿದ. ಅಕಲಂಕ ಕಾಂಚನಮಾಲಮ್ಮನ ಮಗ. ಅರ್ಧ ಗಂಟೆಯೊಳಗೆ ಅವಳನ್ನು ಮನೆಗೆ ಕರೆದುಕೊಂಡು ಬಂದ.

ಅವಳು ಕೈ ತೊಳೆದು, ಒರೆಸಿ, ಹತ್ತು ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿದಳು. ಬಿಚ್ಚುತ್ತಾ ಬಿಚ್ಚುತ್ತಾ ಅವಳ ಮಾತು ಕಡಿಮೆಯಾಯಿತು.

"ಅಮ್ಮ, ಇದರಲ್ಲಿ ಹೊಸ ತೂತು ಒಂದೂ ಇಲ್ಲ."

"ಇಲ್ಲ."

"ನಮ್ಮ ಲ್ಯಾಬಲ್ಲಿ ಇರೋವು ಕೂಡ ಇಷ್ಟು ಚೆನ್ನಾಗಿಲ್ಲ. ಏನು ಹಾಕ್ತೀರ?"

"ಬಜೆ ಬೇರು. ಬೇವಿನ ಎಲೆ."

ಪ್ರತಿಮಾ ತನ್ನ ಪುಸ್ತಕದಲ್ಲಿ 'ಸಾಂಪ್ರದಾಯಿಕ ವಿಧಾನ' ಎಂದು ಬರೆದು, ಕೆಳಗೆ 'ಒಂದು: ಬಜೆ, ಎರಡು: ಬೇವು' ಎಂದು ಬರೆದಳು. ಕಾಂಚನಮಾಲಮ್ಮ ನೋಡುತ್ತಾ ಕೂತಿದ್ದರು. ಬರೆದದ್ದು ಸುಳ್ಳೇನಲ್ಲ. ಪೂರ್ತಿಯೂ ಅಲ್ಲ.

"ಇವು ಹತ್ತೂ ಬೇರೆ ಕಡೆ ಇರೋ ಗ್ರಂಥಗಳ ಪ್ರತಿಗಳೇ," ಎಂದಳು ಅವಳು. "ಆದ್ರೂ ಇಷ್ಟು ಒಳ್ಳೆ ಸ್ಥಿತೀಲಿ ಸಿಗೋದು ಅಪರೂಪ. ಬೇರೆ ಏನಾದ್ರೂ ಇದೆಯಾ?"

"ಇಲ್ಲ," ಎಂದರು ಕಾಂಚನಮಾಲಮ್ಮ.

"ಅಟ್ಟದ ಮೇಲೆ ಒಂದೈತಲ್ಲಮ್ಮ," ಎಂದ ಅಕಲಂಕ.

"ಅದು ನಮ್ಮದಲ್ಲ."

"ಯಾರದ್ದು ಅಮ್ಮ?" ಎಂದಳು ಪ್ರತಿಮಾ.

"ಹುಳದ್ದು."

ಪ್ರತಿಮಾ ಅಕಲಂಕನ ಮುಖ ನೋಡಿದಳು. ಅವನು ಹೌದು ಎಂದು ತಲೆಯಾಡಿಸಿದ. ಆಮೇಲೆ ಏಣಿ ತಂದ.

ಕಟ್ಟನ್ನು ಬಿಳಿ ಕಾಗದದ ಮೇಲೆ ಇಟ್ಟು ಬಿಚ್ಚಿದಾಗ ಸಣ್ಣ ರವೆಯಂಥ ಪುಡಿ ಉದುರಿತು. ತೊಂಬತ್ತೆರಡು ಗರಿ. ಒಂದೊಂದರಲ್ಲೂ ತೂತು, ಕೆಲವು ಗುಂಡಗೆ, ಕೆಲವು ಹಳ್ಳದ ನೀರು ಹರಿದ ಹಾಗೆ ಡೊಂಕುಡೊಂಕು. ಪ್ರತಿಮಾ ಭೂತಗನ್ನಡಿ ಹಿಡಿದು ಮೊದಲ ಗರಿಯನ್ನು ಓದಲು ಶುರುಮಾಡಿದಳು. ಕಾಫಿ ತಣ್ಣಗಾಯಿತು. ಸೊಸೆ ದರ್ಶಿನಿ ಬೇಲೂರಿನ ಶಾಲೆಯಿಂದ ಪಾಠ ಮುಗಿಸಿ ಬಂದು, ಇನ್ನೊಂದು ಲೋಟ ಕಾಫಿ ಇಟ್ಟು ಹೋದಳು. ಅದೂ ತಣ್ಣಗಾಯಿತು.

"ಅಮ್ಮ," ಎಂದಳು ಕೊನೆಗೆ ಪ್ರತಿಮಾ. "ಇದು ಬಸದಿ ಕಲ್ಲನ್ನ ಹೇಗೆ ಕಾಪಾಡಬೇಕು ಅಂತ ಬರೆದಿರೋದು. ಯಾವ ತಿಂಗಳು ತೊಳೀಬೇಕು, ಯಾವ ತಿಂಗಳು ಮುಟ್ಟಬಾರದು. ಕಲ್ಲಿನ ಮೇಲೆ ಉಪ್ಪು ಬಿಟ್ಟುಕೊಂಡ್ರೆ ಏನು ಮಾಡಬೇಕು. ಇಲ್ಲಿ ನೋಡಿ, ಜೇಡಿಮಣ್ಣಿಗೆ ಹೊಟ್ಟು ಕಲಸಿ ಪಟ್ಟು ಹಾಕು, ಒಣಗಿದ ಮೇಲೆ ತೆಗಿ, ಉಪ್ಪು ಅದರ ಜೊತೆ ಬರ್ತದೆ ಅಂತಾನೆ. ನಾವು ಈಗ ಕಾಗದದ ಹಿಟ್ಟು ನೆನೆಸಿ ಇದನ್ನೇ ಮಾಡ್ತೀವಿ. ಅದನ್ನ ಕಲಿಯೋಕೆ ನಾನು ಎರಡು ವರ್ಷ ಓದಿದೀನಿ."

"ಹೌದಾ?"

"ಕಂಬದ ಹೊಳಪು ಹೋಗದ ಹಾಗೆ ಇಡೋದು ಹೇಗೆ ಅಂತಾನೂ ಇದೆ. ಹಚ್ಚಬೇಕಾದ ಎಣ್ಣೆ ಯಾವುದು ಅಂತ…" ಅವಳು ಗರಿಯನ್ನು ಬೆಳಕಿಗೆ ಹಿಡಿದಳು. ತೂತಿನಿಂದ ಬೆಳಕು ಬಂದು ಅವಳ ಕೆನ್ನೆಯ ಮೇಲೆ ಬಿತ್ತು. "ಎಣ್ಣೆ ಹೆಸರು ಇಲ್ಲ."

ಬಸ್ತಿಹಳ್ಳಿಯ ಬಸದಿಯ ಕಂಬಗಳಲ್ಲಿ ಮುಖ ಕಾಣುತ್ತದೆ. ಕಾಂಚನಮಾಲಮ್ಮ ಮದುವೆಯಾಗಿ ಬಂದ ವಾರ ಅತ್ತೆಯ ಹಿಂದೆ ಹೋಗಿ, ಯಾರೂ ನೋಡದಾಗ, ಅದರಲ್ಲೇ ಕುಂಕುಮ ಸರಿಮಾಡಿಕೊಂಡಿದ್ದರು. ಆ ಹೊಳಪಿನ ಬಗ್ಗೆ ಯಾರಾದರೂ ಬರೆದಿಟ್ಟಿರಬಹುದು ಎಂದು ಅವರಿಗೆ ಹೊಳೆದಿರಲಿಲ್ಲ. ಹೊಳಪು ಇದೆ, ಅಷ್ಟೆ, ಎಂದುಕೊಂಡಿದ್ದರು.

"ಬರೆದೋರು ಯಾರು?"

ಪ್ರತಿಮಾ ಕೊನೆಯ ಗರಿ ತೆಗೆದಳು. 'ಇದನ್ನು ಬರೆದವನು' ಎಂಬಲ್ಲಿಯವರೆಗೆ ಓದಿದಳು. ಅದರ ಮುಂದೆ ಕಡಲೆಬೇಳೆ ಗಾತ್ರದ ತೂತಿತ್ತು. ತೂತಿನ ಆಚೆ 'ಎಂಬವನು' ಎಂದಿತ್ತು.

ಪುಡಿಯೊಳಗಿಂದ ಒಂದು ಬಿಳಿ ಮರಿಹುಳ, ಅಕ್ಕಿ ನುಚ್ಚಿನಷ್ಟು, ಬಾಗಿಕೊಂಡು ಈಚೆಗೆ ಬಂತು.

"ಇನ್ನೂ ಜೀವಂತ ಇದಾವೆ," ಎಂದಳು ಪ್ರತಿಮಾ. ಅವಳ ದನಿ ಈಗ ಕೆಲಸದ ದನಿಯಾಯಿತು. "ತಡ ಮಾಡೋ ಹಾಗಿಲ್ಲ. ದಿನಾ ಒಂದೊಂದು ಅಕ್ಷರ ಹೋಗ್ತಾ ಇರುತ್ತೆ. ನಾವು ವಿಷ ಹಾಕಲ್ಲ ಅಮ್ಮ, ಔಷಧಿ ಹೊಡೆಯಲ್ಲ. ಗರಿಗೆ ಏನೂ ಆಗಲ್ಲ. ಗಾಳಿ ಆಡದ ಒಂದು ಚೀಲದೊಳಗಿಟ್ಟು, ಜೊತೆಗೆ ಕಬ್ಬಿಣದ ಪುಡಿ ಪೊಟ್ಟಣ ಇಡ್ತೀವಿ. ಅದು ತುಕ್ಕು ಹಿಡೀತಾ ಹಿಡೀತಾ ಒಳಗಿನ ಆಮ್ಲಜನಕ ಎಲ್ಲಾ ಎಳ್ಕೊಂಡುಬಿಡುತ್ತೆ. ಇಪ್ಪತ್ತೊಂದು ದಿನ."

"ಒಳಗಿರೋವು?"

"ಒಳಗಿರೋವು ಹೋಗ್ತವೆ."

"ಎಲ್ಲಿಗೆ?"

"ಸಾಯ್ತವೆ ಅಮ್ಮ," ಎಂದಳು ಪ್ರತಿಮಾ.

"ಉಸಿರು ಕಟ್ಟಿ."

"ಹೂಂ."

"ಬೇರೆ ದಾರಿ?"

"ಫ್ರೀಜರ್‌ನಲ್ಲಿ ಇಡಬಹುದು."

"ಚಳಿಗೆ ಸಾಯ್ತಾವೆ."

"ಹೂಂ. ಮಜ್ಜಿಗೆಹುಲ್ಲಿನ ಎಣ್ಣೆ ಸವರಿದ್ರೆ ಹೊರಗಿಂದ ಹೊಸದು ಬರಲ್ಲ. ಒಳಗೆ ಇರೋವು ಹೊರಗೆ ಬರಲ್ಲ."

ಅವಳು ಚೀಲದಿಂದ ಒಂದು ಫಾರಂ ತೆಗೆದು ಮುಂದಿಟ್ಟಳು. ಮಾಲೀಕರ ಸಹಿ ಇಲ್ಲದೆ ಯಾವ ಕಟ್ಟನ್ನೂ ಚೀಲಕ್ಕೆ ಹಾಕುವ ಹಾಗಿಲ್ಲ. ಚೀಲಕ್ಕೆ ಹಾಕದೆ, ಹುಳವಿರುವ ಕಟ್ಟನ್ನು ಬೇರೆಯವರ ಕಟ್ಟುಗಳ ಜೊತೆ ಶಿಬಿರದೊಳಗೆ ಸೇರಿಸುವ ಹಾಗಿಲ್ಲ. ಶಿಬಿರ ಇನ್ನು ಹನ್ನೆರಡು ದಿನ. ಆಮೇಲೆ ಯಂತ್ರ, ಚೀಲ, ಕ್ಯಾಮೆರಾ ಎಲ್ಲ ಬೆಂಗಳೂರಿಗೆ. ಇಷ್ಟನ್ನು ಅವಳು ನಿಧಾನವಾಗಿ ಹೇಳಿದಳು.

ಕಾಂಚನಮಾಲಮ್ಮ ಫಾರಂ ಮುಟ್ಟಲಿಲ್ಲ. "ಒಂದು ವಿಷಯ ಹೇಳಬೇಕು," ಎಂದರು. "ಆ ಹುಳಗಳು ತಾವಾಗೇ ಅಲ್ಲಿಗೆ ಹೋಗಿದ್ದಲ್ಲ. ನಾನೇ ಕರ್ಕೊಂಡು ಹೋಗಿ ಬಿಟ್ಟಿದ್ದು. ಮೂವತ್ತೆಂಟು ವರ್ಷದಿಂದ ಅಲ್ಲೇ ಇದಾವೆ."

ಅಂಗಳದ ಗುಬ್ಬಿಯಿಂದ ಹಿಡಿದು ಎಲ್ಲ ಹೇಳಿದರು. ಪ್ರತಿಮಾ ಪೆನ್ನಿನ ಮುಚ್ಚಳ ಹಾಕಿ ಕೇಳಿದಳು. ಕೇಳಿ ಮುಗಿದ ಮೇಲೆ ಮುಚ್ಚಳ ತೆಗೆದು, ಬಜೆ, ಬೇವು ಎಂದು ಬರೆದಿದ್ದರ ಕೆಳಗೆ 'ಮೂರು: ಹುಳಗಳಿಗೆ ಬೇರೆ ಮನೆ' ಎಂದು ಬರೆದಳು.

"ಶಾಸ್ತ್ರ ಅಲ್ಲ ಅಂದ್ರು ಇಂದ್ರರು," ಎಂದರು ಕಾಂಚನಮಾಲಮ್ಮ. "ಶಾಸ್ತ್ರ ಅಲ್ದೇ ಇದ್ರೆ ಬೇಡದ್ದು ಅಂದ್ಕೊಂಡೆ. ಅದು ನನ್ನ ತಪ್ಪು. ಈಗ ಅಲ್ಲಿ ಬಿಟ್ಟವಳೂ ನಾನೇ, ಬಾಗಿಲು ಹಾಕಿ ಉಸಿರು ಕಟ್ಟಿಸೋಳೂ ನಾನೇ ಅಂದ್ರೆ ಹೆಂಗೆ?"

"ನಾನು ಸಹಿ ಹಾಕ್ತೀನಿ ಬಿಡಮ್ಮ," ಎಂದ ಅಕಲಂಕ. "ನೀನು ಹಾಕಬೇಡ."

"ನೀನು ಹಾಕಿದ್ರೆ ನಿಂಗೂ ಪಾಪ ಬರ್ತದೆ, ನಂದು ಹೋಗಲ್ಲ. ಒಬ್ಬರಿಗೆ ಇದ್ದಿದ್ದು ಇಬ್ಬರಿಗಾಯ್ತು."

ಅಕಲಂಕ ಅಂಗಡಿಗೆ ಹೋದ.

"ಹನ್ನೆರಡು ದಿನ ಅಂದ್ಯಲ್ಲಮ್ಮ," ಎಂದರು ಕಾಂಚನಮಾಲಮ್ಮ ಪ್ರತಿಮಾಗೆ. "ಅಷ್ಟರೊಳಗೆ ನಾನೇ ಆರಿಸಿ ತೆಗೀತೀನಿ. ಬೇರೆ ಕಡೆ ಬಿಡ್ತೀನಿ. ಆಮೇಲೆ ಖಾಲಿ ಕಟ್ಟನ್ನ ಏನು ಬೇಕಾದ್ರೂ ಮಾಡ್ಕೊ."

ಪ್ರತಿಮಾ ತೊಂಬತ್ತೆರಡು ಗರಿಗಳನ್ನು ನೋಡಿದಳು, ಎಪ್ಪತ್ತೊಂದು ವರ್ಷದ ಕಣ್ಣುಗಳನ್ನು ನೋಡಿದಳು. ಆಗುವುದಿಲ್ಲ ಎನ್ನಲಿಲ್ಲ. ಅಂಟಿಕೊಂಡ ಗರಿಗಳನ್ನು ಬಿದಿರಿನ ತೆಳು ಕಡ್ಡಿಯಿಂದ ಬಿಡಿಸುವುದನ್ನು, ಉಗುರು ತಾಗದ ಹಾಗೆ ಅಂಚು ಹಿಡಿಯುವುದನ್ನು ತೋರಿಸಿಕೊಟ್ಟು, ತನ್ನ ಭೂತಗನ್ನಡಿಯನ್ನು ಅಲ್ಲೇ ಬಿಟ್ಟು, ಜಾವಗಲ್ ಕಡೆಯ ಬಸ್ಸು ಹತ್ತಿ ಅರಸೀಕೆರೆಗೆ ಹೋದಳು.

ಮಾರನೆಯ ದಿನ ಬೆಳಿಗ್ಗೆ ಬಿಸಿಲು ಜಗಲಿಗೆ ಬಂದ ಕೂಡಲೇ ಕೆಲಸ ಶುರುವಾಯಿತು. ಪಕ್ಕದ ಮನೆಯ ಬಸಮ್ಮ ಹಾಲಿನ ತಂಬಿಗೆ ಹಿಡಿದು ಬಂದವಳು ನಿಂತು ನೋಡಿದಳು. ಬಸಮ್ಮ ಗಂಡಸಿ ಊರಿನ ಕಡೆಯವಳು, ಲಿಂಗಾಯತರವಳು, ತೆಂಗಿನ ತೋಟದ ಯಜಮಾನಿ.

"ಏನ್ ಕಾಂಚನಕ್ಕ, ಅಕ್ಕಿ ಆರಿಸ್ತಿದೀರಾ?"

"ಇಲ್ಲ ಕಣೇ. ಹುಳ."

"ಅಕ್ಕೀಲಿ ಹುಳ ಆರಿಸಿ ಬಿಸಾಕೋದು ನೋಡಿದೀನಿ. ಹುಳನೇ ಆರಿಸಿ ಎತ್ತಿಡೋದು ಇವತ್ತೇ ನೋಡಿದ್ದು."

"ಎಲ್ಲಿ ಬಿಡೋದು ಅಂತ ಯೋಚನೆ ಆಗೈತೆ."

"ನಮ್ಮ ಪಂಪ್‌ಹೌಸಲ್ಲಿ ಬಿಡಿ. ಅಲ್ಲಿ ಹಾವೇ ಐತೆ, ಇವೇನು ಮಹಾ." ಹೇಳಿ ಎರಡು ಹೆಜ್ಜೆ ಹೋದವಳು ನಿಂತಳು. "ಅಕ್ಕ, ಇವು ಕೊಬ್ಬರಿ ತಿಂತಾವಾ?"

ಕಾಂಚನಮಾಲಮ್ಮ ಅಕಲಂಕನ ಮೊಬೈಲಿನಿಂದ ಪ್ರತಿಮಾಳಿಗೆ ಫೋನು ಮಾಡಿಸಿ ಕೇಳಿದರು. ತಿಂದರೂ ತಿನ್ನಬಹುದು ಎಂದಳು ಅವಳು.

"ಹಂಗಾರೆ ಬ್ಯಾಡ," ಎಂದಳು ಬಸಮ್ಮ. "ಪಂಪ್‌ಹೌಸ್ ಪಕ್ಕದ ಅಟ್ಟದಾಗೆ ಎಂಟು ಸಾವಿರ ಕಾಯಿ ಕೊಬ್ಬರಿ ಆಗ್ತಾ ಕೂತವೆ. ಪಾಪ ಪುಣ್ಯ ನಂಗೂ ಐತೆ ಕಣಕ್ಕ. ಕೊಬ್ಬರಿಗೆ ಹುಳ ಹತ್ತಿಸ್ಕೊಳ್ಳೋ ಅಷ್ಟು ಇಲ್ಲ."

ಆ ಸೀಮೆಯಲ್ಲಿ ಕೊಬ್ಬರಿ ಇಲ್ಲದ ಮನೆ ಹುಡುಕುವುದು ಕಷ್ಟ. ಪುಸ್ತಕ ಇಲ್ಲದ ಮನೆ ಸಿಗುತ್ತದೆ, ಆದರೆ ಅವರ ಮನೆಯಲ್ಲೂ ಕೊಬ್ಬರಿ ಇರುತ್ತದೆ. ಕೊನೆಗೆ ಕೊಬ್ಬರಿಯೂ ಇಲ್ಲದ, ಶಾಸ್ತ್ರವೂ ಇಲ್ಲದ ಜಾಗ ಒಂದೇ ಉಳಿಯಿತು. ಅದು ಅಕಲಂಕನ ಅಂಗಡಿ.

"ಅಮ್ಮ, ಗಿರಾಕಿಗಳು ನೋಡಿದ್ರೆ ಏನಂತಾರೆ?"

"ಏನಂತಾರೆ?"

ಅವನು ಆ ಮಾತು ಬಿಟ್ಟ. ಪ್ರತಿಮಾಳನ್ನು ಫೋನಿನಲ್ಲೇ ಕೇಳಿದ. "ವೈರ್ ತಿನ್ನಲ್ವಾ ಮೇಡಂ?" ತಿನ್ನಲ್ಲ ಎಂದಳು. "ಸ್ವಿಚ್ಚು? ಬಲ್ಬಿನ ಡಬ್ಬ?" ಸ್ವಿಚ್ಚು ತಿನ್ನಲ್ಲ, ಡಬ್ಬ ಸ್ವಲ್ಪ ದೂರ ಇಡಿ ಎಂದಳು. ಅವನ ಹತ್ತಿರ ಬೇರೆ ಕಾರಣ ಉಳಿಯಲಿಲ್ಲ.

ಆದರೆ ಜಾಗ ಸಿಕ್ಕರೆ ಆಗಲಿಲ್ಲ, ಊಟ ಬೇಕು. ಕಾಂಚನಮಾಲಮ್ಮ ನಾಲ್ಕು ಸ್ಟೀಲ್ ಡಬ್ಬಿ ತೆಗೆದುಕೊಂಡು ಮುಚ್ಚಳಕ್ಕೆ ಸೂಜಿಯಿಂದ ತೂತು ಹಾಕಿದರು. ಒಂದರಲ್ಲಿ ಬಸಮ್ಮ ಕೊಟ್ಟ ಒಣ ತೆಂಗಿನ ಗರಿ, ಒಂದರಲ್ಲಿ ಮುರಿದ ತಾಳೆಗರಿ ಬೀಸಣಿಗೆ, ಒಂದರಲ್ಲಿ ಹಳೆಯ ಪಂಚಾಂಗ, ಒಂದರಲ್ಲಿ ಅಕಲಂಕನ ಬಿ.ಕಾಂ. ನೋಟ್ಸು. ಪ್ರತಿಯೊಂದಕ್ಕೂ ಐದೈದು ಹುಳ. ಮೂರು ದಿನ ಬಿಟ್ಟು ಮುಚ್ಚಳ ತೆಗೆದರು. ತೆಂಗಿನ ಗರಿಯನ್ನು ಮುಟ್ಟಿರಲಿಲ್ಲ. ಬೀಸಣಿಗೆಗೆ ಎರಡು ತೂತು. ಪಂಚಾಂಗದೊಳಗೆ ಐದೂ ಹುಳ ಮಾಯವಾಗಿ, ರವೆ ಮಾತ್ರ ಈಚೆ ಬಿದ್ದಿತ್ತು. ನೋಟ್ಸಿನ ಡಬ್ಬಿಯಲ್ಲಿ ಐದೂ ಮೂಲೆಗೆ ಬಂದು ಕೂತಿದ್ದವು.

"ಹುಳಾನೂ ಓದ್ಲಿಲ್ವಾ ನಿನ್ನ ನೋಟ್ಸು," ಎಂದಳು ಬಸಮ್ಮ ಅಕಲಂಕನಿಗೆ. "ಅವತ್ತು ಮೇಷ್ಟ್ರು ಪಾಸ್ ಮಾಡಿದ್ದು ಯಾವ ಧೈರ್ಯಕ್ಕೆ?"

ಐದನೆಯ ದಿನ ಪ್ರತಿಮಾ ಬಂದು ನಾಲ್ಕು ಡಬ್ಬಿಗಳನ್ನೂ ನೋಡಿದಳು. ಎಷ್ಟು ಹುಳ, ಎಷ್ಟು ದಿನ, ಯಾವ ಜಾಗದಲ್ಲಿ ಎಂದು ಕೇಳಿದಳು. ಕಾಂಚನಮಾಲಮ್ಮ ಎಲ್ಲಕ್ಕೂ ಉತ್ತರ ಕೊಟ್ಟರು. ಅವಳು ಆ ಪರೀಕ್ಷೆಯಲ್ಲಿ ತಪ್ಪು ಹುಡುಕಲು ನೋಡಿ, ಸಿಗದೆ, ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ಹೀಗೆ ಹುಳಗಳ ಊಟಕ್ಕೆ ಹಳೆಯ ಪಂಚಾಂಗಗಳು ಗೊತ್ತಾದವು. ಮನೆಯಲ್ಲಿ ಇಪ್ಪತ್ತಾರು ವರ್ಷದ ಪಂಚಾಂಗಗಳಿದ್ದವು. ಅಕಲಂಕ ಅವನ್ನೆಲ್ಲ ಒಂದು ಬಿಸ್ಕತ್ ಟಿನ್ನಿನಲ್ಲಿ ತುಂಬಿ, ಅಂಗಡಿಯ ಮೇಲಿನ ಷೆಲ್ಫಿನಲ್ಲಿಟ್ಟು, ಯಾರೂ ಕೇಳದಿರಲಿ ಎಂದು ಮೇಲೆ 'ಸ್ಯಾಂಪಲ್' ಎಂದು ಬರೆದ.

ಕಾಂಚನಮಾಲಮ್ಮ ದಿನಕ್ಕೆ ಒಂಬತ್ತು ಗರಿ ಮುಗಿಸುತ್ತಿದ್ದರು. ಗರಿಯನ್ನು ಬೆಳಕಿಗೆ ಹಿಡಿಯುವುದು, ತೂತಿನ ಒಂದು ಬಾಯಿಯಿಂದ ಇನ್ನೊಂದು ಬಾಯಿಯವರೆಗೆ ಕಣ್ಣು ಹಾಯಿಸುವುದು, ನವಿಲುಗರಿಯ ಒಂದು ಎಳೆಯನ್ನು ಒಳಗೆ ಬಿಟ್ಟು ಹುಳ ತಾನಾಗಿ ಹತ್ತುವವರೆಗೆ ಕಾಯುವುದು. ಕೆಲವು ಕೂಡಲೇ ಹತ್ತುತ್ತಿದ್ದವು. ಕೆಲವಕ್ಕೆ ಅರ್ಧ ಗಂಟೆ ಬೇಕಾಗುತ್ತಿತ್ತು. ಎಳೆಯುವ ಹಾಗಿರಲಿಲ್ಲ, ಎಳೆದರೆ ಹುಳ ಹರಿಯುತ್ತದೆ, ಇಲ್ಲವೇ ಅಕ್ಷರ ಹರಿಯುತ್ತದೆ. ಅಕ್ಷರ ಓದಲು ಬರದಿದ್ದರೂ ದಿನವೆಲ್ಲ ನೋಡಿ ನೋಡಿ ಕೆಲವು ಆಕಾರಗಳು ಅವರಿಗೆ ಪರಿಚಯವಾದವು. 'ಕಲ್ಲು' ಎಂಬುದು ಯಾವುದು ಎಂದು ಪ್ರತಿಮಾ ತೋರಿಸಿದ ಮೇಲೆ ಅದು ಎಲ್ಲ ಗರಿಯಲ್ಲೂ ಕಾಣತೊಡಗಿತು. ಹುಳಗಳು ಅದನ್ನು ಹೆಚ್ಚಾಗಿ ತಿನ್ನದೆ ಬಿಟ್ಟಿದ್ದವು.

ಹನ್ನೊಂದನೆಯ ದಿನ ಮಧ್ಯಾಹ್ನಕ್ಕೆ ತೊಂಬತ್ತೆರಡನೆಯ ಗರಿ ಮುಗಿಯಿತು. ಟಿನ್ನಿಗೆ ಹೋದದ್ದು ಮುನ್ನೂರ ನಾಲ್ಕು. ಕೈ ಜಾರಿ ಒಂದೂ ಸತ್ತಿರಲಿಲ್ಲ. ಪ್ರತಿಮಾ ಬಂದು ಭೂತಗನ್ನಡಿ ಹಿಡಿದು ಇಪ್ಪತ್ತು ಗರಿ ನೋಡಿದಳು. ಒಂದೂ ಕಾಣಲಿಲ್ಲ.

"ಈಗ ಖಾಲಿ ಅಲ್ವಾ?" ಎಂದರು ಕಾಂಚನಮಾಲಮ್ಮ.

ಅವಳು ಹೌದು ಎಂದುಬಿಡಬಹುದಿತ್ತು. ಕನ್ನಡಿಯನ್ನು ಕೆಳಗಿಟ್ಟು, "ಇಲ್ಲ ಅಮ್ಮ," ಎಂದಳು. "ಮೊಟ್ಟೆ ಇರ್ತವೆ. ಈ ಕನ್ನಡೀಲಿ ಕಾಣಲ್ಲ. ಗರಿ ಪದರದೊಳಗೆ ಸೇರ್ಕೊಂಡಿರೋ ಸಣ್ಣ ಮರೀನೂ ಕಾಣಲ್ಲ."

"ಮೊಟ್ಟೆ ಯಾವಾಗ ಮರಿ ಆಗ್ತಾವೆ?"

"ಎಂಟು ಹತ್ತು ದಿನ. ಒಂದೇ ಸಲ ಆಗಲ್ಲ. ಇವತ್ತು ಒಂದಾದ್ರೆ ಬರೋ ವಾರ ಇನ್ನೊಂದು."

"ಶಿಬಿರ?"

"ನಾಳೆ ಸಂಜೆ ಮುಗಿಯುತ್ತೆ."

ಕಾಂಚನಮಾಲಮ್ಮ ಗರಿಗಳನ್ನು ಜೋಡಿಸಿ, ದಾರ ಪೋಣಿಸಿದರು. ಹೊರಗೆ ದೇವಸ್ಥಾನ ನೋಡಲು ಬಂದವರ ಬಸ್ಸೊಂದು ಹಿಂದೆ ಮುಂದೆ ಮಾಡುತ್ತಾ ಹಾರ್ನ್ ಹೊಡೆಯುತ್ತಿತ್ತು.

"ಇದರಲ್ಲಿ ಬರ್ದಿರೋದು ಬೇರೆ ಎಲ್ಲೂ ಇಲ್ವಾ?"

"ನಮಗೆ ಗೊತ್ತಿರೋ ಹಾಗೆ ಇಲ್ಲ."

"ಈ ಹುಳ?"

"ಈ ಜಾತಿ ಹುಳ ಎಲ್ಲಾ ಕಡೆ ಇದೆ ಅಮ್ಮ."

"ಎಲ್ಲಾ ಕಡೆ ಇರೋವು ಬೇರೆ. ಇವು ಇಲ್ಲೇ ಇರೋದು."

ಮಾತು ತಪ್ಪೇನಾಗಿರಲಿಲ್ಲ. ಪ್ರತಿಮಾ ಸಂಜೆಯ ಬಸ್ಸಿಗೆ ಹೋಗುವಾಗ ಫಾರಮ್ಮನ್ನು ಕಿಟಕಿಯ ಮೇಲೆ ಇಟ್ಟು ಹೋದಳು.

ಅವತ್ತು ಹೊತ್ತು ಮುಳುಗುವ ಮುಂಚಿನ ಊಟದಲ್ಲಿ ಕಾಂಚನಮಾಲಮ್ಮ ಅನ್ನ ಕಲಸಿಟ್ಟುಕೊಂಡು ಬಹಳ ಹೊತ್ತು ಕೂತರು. ಸುಮ್ಮನೆ ಬಿಟ್ಟರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದರು. ಮರಿಗಳು ದೊಡ್ಡವಾಗುತ್ತವೆ, ಮೊಟ್ಟೆ ಇಡುತ್ತವೆ, ಗರಿ ಮುಗಿಯುತ್ತದೆ. ಆಗ ಅವು ಸಾಯುವುದಿಲ್ಲ, ಅಟ್ಟ ಇಳಿದು ಹತ್ತು ಕಟ್ಟುಗಳ ಕಡೆಗೆ ಬರುತ್ತವೆ. ಪುಸ್ತಕವೂ ಹೋಯಿತು, ಕೆಲಸವೂ ಮೊದಲಿಗೆ ಬಂತು. ಸಹಿ ಹಾಕಿದರೆ ಪುಸ್ತಕ ಉಳಿಯುತ್ತದೆ, ಕಣ್ಣಿಗೆ ಕಾಣದವು ಹೋಗುತ್ತವೆ. ಎಷ್ಟು ಹೋಗುತ್ತವೆ ಎಂಬುದು ಗೊತ್ತಿಲ್ಲದಿರುವುದೇ ಅವರಿಗೆ ಎಲ್ಲಕ್ಕಿಂತ ಹೆಚ್ಚು ಹಿಂಸೆಯಾಗಿತ್ತು.

"ಊಟ ಮಾಡಿ ಅತ್ತೆ," ಎಂದಳು ದರ್ಶಿನಿ. "ಕತ್ತಲಾದ್ರೆ ಆಮೇಲೆ ನೀವೇ ಮುಟ್ಟಲ್ಲ."

ಮಾರನೆಯ ದಿನ ಬೆಳಿಗ್ಗೆ ಕಾಂಚನಮಾಲಮ್ಮ ಕಟ್ಟನ್ನು ಮೂರು ಸುತ್ತು ಬಟ್ಟೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಜಾವಗಲ್, ಬಾಣಾವರ ದಾಟಿ ಅರಸೀಕೆರೆಯಲ್ಲಿ ಇಳಿದರು. ಕಂಡಕ್ಟರು ಏನಮ್ಮ ಅದು ಎಂದು ಕೇಳಿದ್ದಕ್ಕೆ ಪುಸ್ತಕ ಎಂದಿದ್ದರು. ಮೂವತ್ತೆಂಟು ವರ್ಷದಲ್ಲಿ ಅದನ್ನು ಆ ಹೆಸರಿನಿಂದ ಕರೆದದ್ದು ಅದೇ ಮೊದಲು.

ಕಲ್ಯಾಣಮಂಟಪದಲ್ಲಿ ಶಿಬಿರದ ಹಿರಿಯರು ಶರತ್ಚಂದ್ರ ಎಂಬವರು ಮೇಜಿನ ಹಿಂದೆ ಕೂತಿದ್ದರು. ಅವರ ಹಿಂದಿನ ಗೋಡೆಯ ಮೇಲೆ, ಯಾವುದೋ ಮದುವೆಯಲ್ಲಿ ಅಂಟಿಸಿದ ವಧೂವರರ ಹೆಸರು ಥರ್ಮೋಕೋಲಿನಲ್ಲಿ ಹಾಗೇ ಇತ್ತು. ಪ್ರತಿಮಾ ಕುರ್ಚಿ ತಂದು ಹಾಕಿದಳು.

ಕಾಂಚನಮಾಲಮ್ಮ ಫಾರಮ್ಮನ್ನು ಮೇಲಿನಿಂದ ಕೆಳಗಿನವರೆಗೆ ಅಕ್ಷರ ಕೂಡಿಸಿ ಓದಿದರು. ಕೊನೆಯಲ್ಲಿ 'ಷರಾ' ಎಂದು ಖಾಲಿ ಜಾಗವಿತ್ತು.

"ಇಲ್ಲಿ ಏನು ಬರೀತಾರೆ?"

"ಏನಾದ್ರೂ ಹೇಳೋದಿದ್ರೆ ಬರೀಬಹುದು ಅಮ್ಮ," ಎಂದರು ಶರತ್ಚಂದ್ರ. "ಸಾಮಾನ್ಯವಾಗಿ ಯಾರೂ ಬರೆಯಲ್ಲ."

"ಸತ್ತಿದ್ದು ಎಷ್ಟು ಅಂತ ಎಣಿಸಿ ನಂಗೆ ಹೇಳಬೇಕು ಅಂತ ಬರೀರಿ."

"ನಾವು ಎಣಿಸೋದಿಲ್ಲಮ್ಮ. ಜೀವ ಇಲ್ಲ ಅಂತ ಖಾತ್ರಿ ಮಾಡ್ಕೋತೀವಿ, ಅಷ್ಟೇ."

"ಎಷ್ಟು ಇದ್ವು ಅಂತ ಗೊತ್ತಿಲ್ದೆ, ಎಲ್ಲಾ ಸತ್ತಿದಾವೆ ಅಂತ ಹೆಂಗೆ ಖಾತ್ರಿ ಆಗ್ತದೆ?"

ಶರತ್ಚಂದ್ರ ಕನ್ನಡಕ ತೆಗೆದರು. ಪ್ರತಿಮಾ ಬೇರೆ ಕಡೆ ನೋಡಿದಳು. ಅವರು ಕನ್ನಡಕ ಹಾಕಿಕೊಂಡು, ಷರಾ ಜಾಗದಲ್ಲಿ ತಾವೇ ಬರೆದರು: ಸತ್ತ ಹುಳಗಳನ್ನು ಎಣಿಸಿ ಮಾಲೀಕರಿಗೆ ತಿಳಿಸತಕ್ಕದ್ದು.

ಕಾಂಚನಮಾಲಮ್ಮ ಸಹಿ ಹಾಕಿದರು. ಅವರ ಹೆಸರು ಉದ್ದ. ಬರೆಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವರ ಕಣ್ಣೆದುರೇ ಕಟ್ಟನ್ನು ಪಾರದರ್ಶಕ ಚೀಲದೊಳಗಿಟ್ಟು, ಪೊಟ್ಟಣಗಳನ್ನು ಸುತ್ತ ಜೋಡಿಸಿ, ಬಿಸಿ ಇಸ್ತ್ರಿಯಂಥ ಯಂತ್ರದಿಂದ ಬಾಯಿ ಮುಚ್ಚಿದರು. ಅವರು ಚೀಲದ ಮೇಲೆ ಒಂದು ಸಲ ಕೈಯಿಟ್ಟು, ಎದ್ದು ಬಂದರು.

ಆಮೇಲಿನ ಒಂದು ತಿಂಗಳು ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಅಂಗಡಿಯ ಟಿನ್ನಿನಲ್ಲಿ ಹದಿನೈದು ವರ್ಷ ಹಿಂದಿನ ಪಂಚಾಂಗದ ಶ್ರಾವಣ ಮಾಸ ಮುಗಿದು ಭಾದ್ರಪದ ಶುರುವಾಗಿತ್ತು ಎಂದು ಅಕಲಂಕ ಒಂದು ದಿನ ಹೇಳಿದ. ಅಷ್ಟೇ.

ಪುಷ್ಯದ ಒಂದು ಬೆಳಿಗ್ಗೆ ಪ್ರತಿಮಾ ಕಾರಿನಲ್ಲಿ ಬಂದಳು. ಬೂದು ರಟ್ಟಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಗೇಟಿನ ಹತ್ತಿರ ಅಕಲಂಕ ಅವಳನ್ನು ತಡೆದು ಪಿಸುಗುಟ್ಟಿದ. ಅಕಲಂಕನ ಪಿಸುಮಾತು ಅಂಗಡಿಯಲ್ಲಿ ರೇಟು ಹೇಳುವಷ್ಟೇ ಜೋರು.

"ಒಂದೂ ಸಿಗಲಿಲ್ಲ ಅಂದ್ಬಿಡಿ ಮೇಡಂ. ಅಮ್ಮಂಗೆ ಎಪ್ಪತ್ತೊಂದು ವರ್ಷ."

ಒಳಗೆ ಜಗಲಿಯ ಮೇಲಿದ್ದ ಕಾಂಚನಮಾಲಮ್ಮ ಅದನ್ನು ಕೇಳಿಸಿಕೊಂಡು, ಚಾಪೆ ಹಾಸಿದರು. ಪ್ರತಿಮಾ ಬಂದು ಕೂತಳು.

"ಎಷ್ಟು?"

ಅವಳು ಗೇಟಿನ ಕಡೆ ನೋಡಲಿಲ್ಲ. "ಮರಿ ಹದಿಮೂರು. ರೆಕ್ಕೆ ಬಂದಿರೋ ದೊಡ್ಡವು ಎರಡು. ಮೊಟ್ಟೆ ಮೈಕ್ರೋಸ್ಕೋಪಲ್ಲಿ ಏಳು ಕಂಡ್ವು. ನಾನು ಎರಡು ಸಲ ಎಣಿಸಿದೆ."

"ಇಪ್ಪತ್ತೆರಡು."

"ಮೊಟ್ಟೇನೂ ಸೇರಿಸ್ತೀರಾ ಅಮ್ಮ?"

"ಸೇರಿಸ್ದೆ?" ಕಾಂಚನಮಾಲಮ್ಮ ಬೆರಳು ಮಡಿಸಿದರು. "ಕಾಣದೆ ಉಳಿದಿರೋವಕ್ಕೆ ಇನ್ನೆರಡು. ಇಪ್ಪತ್ತನಾಕು. ತಿಂಗಳಿಗೆ ಅಷ್ಟಮಿ ಎರಡು, ಚತುರ್ದಶಿ ಎರಡು. ಆರು ತಿಂಗಳು."

"ಏನು ಆರು ತಿಂಗಳು?"

"ಉಪವಾಸ ಮಾಡ್ತಾಳೆ," ಎಂದ ಬಾಗಿಲಲ್ಲಿ ನಿಂತ ಅಕಲಂಕ. "ಒಂದೊಂದಕ್ಕೂ ಒಂದೊಂದು. ಅದಕ್ಕೇ ಹೇಳಿದ್ದು ನಿಮಗೆ."

ಪ್ರತಿಮಾಳ ಮುಖ ಸಣ್ಣದಾಯಿತು. "ಅಮ್ಮ, ನಂಗೆ ಗೊತ್ತಿರಲಿಲ್ಲ."

"ಗೊತ್ತಿದ್ರೆ ಕಮ್ಮಿ ಎಣಿಸ್ತಿದ್ಯಾ?"

ಅವಳು ಯೋಚಿಸಿದಳು. "ಇಲ್ಲ," ಎಂದಳು.

"ಮತ್ತೆ. ನೀರು ಕುಡೀತೀನಿ, ಯೋಚನೆ ಮಾಡಬೇಡ. ನಿಂದು ಕಾಫಿ ಆಗಿದೆಯಾ?"

ಆಗಿಲ್ಲ ಎಂದಳು. ದರ್ಶಿನಿ ಶಾಲೆಗೆ ಹೋಗಿದ್ದಳು. ಕಾಂಚನಮಾಲಮ್ಮನೇ ಎದ್ದು ಮಾಡಿಕೊಂಡು ಬಂದರು. ಈ ಸಲ ಪ್ರತಿಮಾ ಬಿಸಿಯಿರುವಾಗಲೇ ಕುಡಿದಳು.

"ಒಂದ್ಸಲ ಪೂರ್ತಿ ಓದಿ ಹೇಳ್ತೀಯಾ?" ಎಂದು ಕೇಳಿದರು ಆಮೇಲೆ. "ಇಷ್ಟು ವರ್ಷ ಮನೇಲಿತ್ತು. ಏನಂತದೆ ಅಂತ ನಾನು ಕೇಳಿಲ್ಲ."

ಅವಳು ಪೆಟ್ಟಿಗೆ ತೆರೆದಳು. ಗರಿಗಳಿಗೆ ಮಸಿ ತಿಕ್ಕಿ ಒರೆಸಿದ್ದರಿಂದ ಅಕ್ಷರಗಳು ಕಪ್ಪಗೆ ಎದ್ದು ಕಾಣುತ್ತಿದ್ದವು. ಮಜ್ಜಿಗೆಹುಲ್ಲಿನ ವಾಸನೆ ಜಗಲಿಗೆಲ್ಲ ಹರಡಿತು. ಅವಳು ಹಳೆಯ ಮಾತನ್ನು ಈಗಿನ ಮಾತಿಗೆ ತಂದುಕೊಂಡು ನಿಧಾನವಾಗಿ ಓದತೊಡಗಿದಳು. ಮಳೆ ಮುಗಿದ ಮೇಲೆ ಕಲ್ಲನ್ನು ಒಂದು ತಿಂಗಳು ಮುಟ್ಟಬೇಡ. ಅದು ತಾನೇ ಒಣಗಲಿ. ಉಜ್ಜುವವನ ಕೈಯಲ್ಲಿ ಉಂಗುರ ಇರಬಾರದು. ಪಾಚಿಯನ್ನು ಕೆರೆಯಬೇಡ, ನೆನೆಸಿ ಬಿಡಿಸು. ಆತುರದವನನ್ನು ಈ ಕೆಲಸಕ್ಕೆ ಸೇರಿಸಬೇಡ. ತೂತು ಬಂದಲ್ಲಿ ಅವಳು ನಿಲ್ಲುತ್ತಿದ್ದಳು, ಕಾಂಚನಮಾಲಮ್ಮ ಹೂಂ ಎನ್ನುತ್ತಿದ್ದರು, ಅವಳು ಆಚೆ ಕಡೆಯಿಂದ ಶುರುಮಾಡುತ್ತಿದ್ದಳು.

"ಕಂಬ ಒಣಗಿದ ಮೇಲೆ, ಮೂರು ದಿನ ಬಿಟ್ಟು, ಹಳೆಯ ಹತ್ತಿ ಬಟ್ಟೆಯಲ್ಲಿ…" ಪ್ರತಿಮಾ ಗರಿಯನ್ನು ಓರೆ ಮಾಡಿ ನೋಡಿದಳು. "ಇಲ್ಲೇ ಅಮ್ಮ, ಆ ಎಣ್ಣೆ. ಎಲ್ಲಾ ಬೆಳಕಲ್ಲೂ ಫೋಟೊ ತೆಗೆದು ನೋಡಿದ್ವಿ. ಅಕ್ಷರ ಮಾಸಿದ್ರೆ ಓದಬಹುದಿತ್ತು. ಇಲ್ಲಿ ಗರೀನೇ ಇಲ್ಲ."

ಕಾಂಚನಮಾಲಮ್ಮ ಬಗ್ಗಿ, ಕೈ ಹಿಂದಕ್ಕೆ ಕಟ್ಟಿಕೊಂಡು, ಆ ತೂತನ್ನು ಸ್ವಲ್ಪ ಹೊತ್ತು ನೋಡಿದರು.

"ಅದು ನಂದು," ಎಂದರು. "ಮುಂದೆ ಓದು."